ಯಾರೂ ಮುಟ್ಟಬಾರದ ವಯರು

ಬಹರೈನಿನಲ್ಲಿರುವ ಎಂಟು ವರ್ಷದ ಲೊರ್ನಾ ಕಂಪ್ಯೂಟರಿನ ಪರದೆಯೊಳಗೆ ಕಣ್ಣು ಮುಚ್ಚಿ, ತೊಡೆ ತಟ್ಟಿ, ಪರಮ ಭಕ್ತಿಯಿಂದ ಹಾಡಿದಳು: "ಸ... ಸ್ಸ... ರಿ... ಗಗಗಗಗ..." ಆಮೇಲೆ ಹನ್ನೊಂದು ಸೆಕೆಂಡು ಬಾಯಿ ತೆರೆದೇ ಇಟ್ಟುಕೊಂಡು ಕುಳಿತು, ಕೊನೆಗೆ "ಪ" ಎಂದು ಮುಗಿಸಿದಳು.

ಪರ್ಕಳದ ನಮ್ಮ ಮನೆಯಲ್ಲಿ ರೇಷ್ಮೆ ಸೀರೆ ಉಟ್ಟು ವೆಬ್‌ಕ್ಯಾಮಿನ ಮುಂದೆ ಕುಳಿತಿದ್ದ ನನ್ನ ಹೆಂಡತಿ ಸುಭಾಷಿಣಿಗೆ ಗಾಬರಿಯಾಯಿತು. "ಇದೆಂತ ಮಗಾ? ಹೀಗೆ ಯಾರು ಕಲಿಸಿದ್ದು?"

"ನೀವೇ ಆಂಟಿ. ನೀವು ಹಾಗೇ ಹಾಡಿದ್ದು."

ಹಿಂದಿನಿಂದ ಅವಳ ತಾಯಿ ಸಿಸಿಲಿಯಾ ಮುಖ ತೂರಿಸಿದಳು. "ಸುಭಾ, ಈ ಗಮಕ ಮಕ್ಕಳಿಗೆ ಸ್ವಲ್ಪ ಕಷ್ಟ, ಅಲ್ವಾ?"

ಅದು ಗಮಕವಲ್ಲ, ಇಂಟರ್ನೆಟ್ಟು! ಅಲ್ಲಿಂದ ಬರುವುದು ಹೇಗೋ ಬರುತ್ತಿತ್ತು. ಇಲ್ಲಿಂದ ಹೋಗುವುದು ಮಾತ್ರ ದಾರಿಯಲ್ಲಿ ಬಿದ್ದು, ಮೊಣಕಾಲು ತರಚಿಕೊಂಡು, ಕುಂಟುತ್ತಾ ತಲುಪುತ್ತಿತ್ತು. ಸುಭಾಷಿಣಿ ನಿಧಾನವಾಗಿ ನನ್ನ ಕಡೆ ತಿರುಗಿದಳು. ಆ ನೋಟಕ್ಕೆ ಸ್ಪೀಡು ಬೇಕಾಗಲಿಲ್ಲ, ಕೂಡಲೇ ತಲುಪಿತು.

ಏಕೆಂದರೆ ಕಂಪೆನಿ ಬದಲಾಯಿಸಿದ ಮಹಾನುಭಾವ ನಾನೇ. ಹಳೆಯ ಕಂಪೆನಿಯವರು ಬ್ಯಾಂಡನ್ನು ನಮಗೆ ಕೊಟ್ಟು ಬ್ರಾಡನ್ನು ಅವರೇ ಇಟ್ಟುಕೊಂಡಿದ್ದರು. ಸುಭಾಷಿಣಿಗೆ ಬಹರೈನಿನ ಶಿಷ್ಯೆ ಸಿಗುತ್ತಾಳೆ ಎಂದಾದಾಗ ನಾನು ಎದೆಯುಬ್ಬಿಸಿ ಘೋಷಿಸಿದೆ: "ಇನ್ನು ಈ ಮನೆಯ ಸಂಗೀತ ಸಮುದ್ರ ದಾಟುವುದು ನನ್ನ ಜವಾಬ್ದಾರಿ." ನಮ್ಮ ಬೀದಿಯ ಕೇಬಲ್ ರಘುವೀರ ಆಗಷ್ಟೇ 'ಶರವೇಗ ನೆಟ್' ಶುರುಮಾಡಿದ್ದ. ಎರಡು ಪಟ್ಟು ಸ್ಪೀಡು ಎಂದ. ರಘುವೀರನೇ ಶರವೇಗ ಎಂದಮೇಲೆ ಇನ್ನೇನು ಯೋಚನೆ?

"ಹಳೆಯದು ನಿಧಾನ ಆದರೂ ಕಡಿಯುತ್ತಿರಲಿಲ್ಲ" ಎಂದಿದ್ದಳು ಸುಭಾಷಿಣಿ.

"ನಿನಗೆ ಟೆಕ್ನಾಲಜಿ ಗೊತ್ತಾಗುವುದಿಲ್ಲ" ಎಂದಿದ್ದೆ ನಾನು. ಆ ಮಾತನ್ನು ಈಗ ಹಿಂದಕ್ಕೆ ಡೌನ್‌ಲೋಡ್ ಮಾಡಿಕೊಳ್ಳುವ ದಾರಿಯಿರಲಿಲ್ಲ.

ವಯರು ಎಳೆಯಲು ಬಂದವನು ಗದಗದ ಕಡೆಯ ಯಮನೂರ. ಬೀದಿಯ ಕಂಬದಿಂದ ನಮ್ಮ ಹಲಸಿನ ಮರಕ್ಕೆ, ಅಲ್ಲಿಂದ ಹಿತ್ತಲಿನ ಮೇಲೆ ಹಾದು ಮನೆಯ ಮಾಡಿಗೆ ಕಟ್ಟಿದ. ಉದ್ದ ಸಾಲದೆ ನಡುವೆ ಒಂದು ಜೋಡಣೆ ಮಾಡಿ ಕಪ್ಪು ಟೇಪು ಸುತ್ತಿದ. ನಾನು ಮನೆಯವರನ್ನೆಲ್ಲ ಜಗಲಿಗೆ ಕರೆದು ರಾಜಾಜ್ಞೆ ಹೊರಡಿಸಿದೆ. "ಈ ವಯರನ್ನು ಯಾರೂ ಮುಟ್ಟಬಾರದು."

ಎಪ್ಪತ್ತಾರು ವರ್ಷದ ನನ್ನ ಅಮ್ಮ ಕತ್ತೆತ್ತಿ ವಯರನ್ನು ಬಹಳ ಹೊತ್ತು ನೋಡಿದರು. "ಕೆಲಸದವರೂ ಮುಟ್ಟುವುದಿಲ್ಲವಾ?"

"ಇಲ್ಲ."

"ನೀನು?"

"ನಾನೂ ಮುಟ್ಟುವುದಿಲ್ಲ ಅಮ್ಮ."

"ಒಳ್ಳೆಯದಾಯಿತು" ಎಂದು ಅವರು ಒಳಗೆ ಹೋದರು. ಮನೆಯಲ್ಲಿ ಒಬ್ಬರಿಗಾದರೂ ಟೆಕ್ನಾಲಜಿ ಅರ್ಥವಾಯಿತಲ್ಲ ಎಂದು ನನಗೆ ಹೆಮ್ಮೆಯಾಯಿತು.

ಲೊರ್ನಾಳ 'ಗಮಕ' ಕೇಳಿದ ದಿನ ಸಿಸಿಲಿಯಾ ಸಂಕೋಚದಿಂದಲೇ ಒಂದು ಮಾತು ಹೇಳಿದಳು. ಅವಳೂ ಸುಭಾಷಿಣಿಯೂ ಹಿಂದೆ ಉಡುಪಿಯ ಒಂದು ಕಾನ್ವೆಂಟಿನಲ್ಲಿ ಜೊತೆಯಾಗಿ ಪಾಠ ಮಾಡಿದವರು. "ಇನ್ನೆರಡು ಶುಕ್ರವಾರ ನೋಡುವ ಸುಭಾ. ಸರಿಯಾದರೆ ನಮ್ಮ ಬಿಲ್ಡಿಂಗಿನ ಇನ್ನೂ ನಾಲ್ಕು ಮಕ್ಕಳು ಸೇರುತ್ತಾರೆ. ಇಲ್ಲದಿದ್ದರೆ ಇವಳನ್ನು ಇಲ್ಲಿಯೇ ಕೀಬೋರ್ಡಿಗೆ ಹಾಕಬೇಕಾಗುತ್ತದೆ."

ಸುಭಾಷಿಣಿ ಹದಿನಾಲ್ಕು ವರ್ಷದ ನಂತರ ಅಟ್ಟದಿಂದ ಇಳಿಸಿದ್ದ ಶ್ರುತಿಪೆಟ್ಟಿಗೆಗೆ ಮತ್ತೆ ಬಟ್ಟೆ ಹೊದಿಸಿದಳು. ಅವಳು ಬೈದಿದ್ದರೆ ನಾನು ಹಾಯಾಗಿ ನಿದ್ದೆ ಮಾಡುತ್ತಿದ್ದೆ.

ಅಂದಿನಿಂದ ಕುಳಿತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಚಿಕ್ಕಂದಿನಲ್ಲಿ ಶಾಲೆಯ ಸಿಸ್ಟರುಗಳು ಕಲಿಸಿದಂತೆ ಕೆಂಪು ಶಾಯಿಯಲ್ಲಿ ಮಾರ್ಜಿನ್ ಎಳೆದು ನೋಟ್‌ಬುಕ್ಕಿನಲ್ಲಿ ಸ್ಪೀಡು ಬರೆಯತೊಡಗಿದೆ. ಬೆಳಗ್ಗೆ ಏಳಕ್ಕೆ ನಾನೂರ ಎಂಬತ್ತು ಕೆಬಿಪಿಎಸ್. ಹತ್ತೂವರೆಗೆ ಮೂವತ್ತೆಂಟು. ಸಂಜೆ ಐದಕ್ಕೆ ಮತ್ತೆ ನಾನೂರ ಎಪ್ಪತ್ತು. ಮಣಿಪಾಲದಲ್ಲಿ ನಾನು ಕೆಲಸ ಮಾಡುವ ಲೈಬ್ರರಿಯಿಂದಲೂ ಮನೆಗೆ ಫೋನು ಮಾಡುತ್ತಿದ್ದೆ.

"ಎಷ್ಟು ಉಂಟು?"

"ಎಂತ ಎಷ್ಟು?"

"ಸ್ಪೀಡು."

"ನಾನು ಮೀನು... ಅಲ್ಲ, ಮೆಣಸು ಹುರಿಯುತ್ತಿದ್ದೇನೆ. ನಿಮ್ಮ ಗಡಿಬಿಡಿಯಲ್ಲಿ ನನ್ನ ಬಾಯಲ್ಲಿ ಎಂತೆಂತ ಬರುತ್ತದೆ ನೋಡಿ. ಫೋನ್ ಇಡಿ."

ಒಂದು ಸಿದ್ಧಾಂತ ಮಂಡಿಸಿದೆ. ಮಣಿಪಾಲದ ಹಾಸ್ಟೆಲಿನವರು ಏಳುವುದೇ ಹತ್ತು ಗಂಟೆಗೆ, ಎದ್ದು ಸಿನಿಮಾ ಇಳಿಸುತ್ತಾರೆ, ನಮ್ಮ ಸ್ಪೀಡನ್ನೆಲ್ಲ ಅವರೇ ಕುಡಿಯುತ್ತಾರೆ. ರಘುವೀರ ಒಪ್ಪಲಿಲ್ಲ. "ಅವರ ಲೈನೇ ಬೇರೆ ಮಾರಾಯ್ರೆ. ನಮ್ಮಲ್ಲಿ ಎಲ್ಲ ಸರಿ ಉಂಟು. ನೀವು ಕಂಪ್ಯೂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ." ಆಫ್ ಮಾಡಿ ಆನ್ ಮಾಡಿ ಕಂಪ್ಯೂಟರಿನ ಗುಂಡಿಯೇ ಒಳಗೆ ಹೋಯಿತು.

ಯಮನೂರ ಬರುತ್ತಿದ್ದದ್ದು ಸಂಜೆ. ಆಗ ಎಲ್ಲ ಸರಿಯಿರುತ್ತಿತ್ತು. "ಕುದುರಿ ಓಡಿದಂಗ ಓಡಾಕತ್ತೈತಲ್ರಿ ಸರ" ಎನ್ನುತ್ತಿದ್ದ. ನಾನು ನೋಟ್‌ಬುಕ್ಕು ತೋರಿಸಿದೆ. ಅವನು ಎರಡು ದಿನಗಳ ಮೇಲೆ ಬೆರಳಿಟ್ಟ. ಆ ಎರಡೂ ದಿನ ಹತ್ತೂವರೆಗೂ ಸ್ಪೀಡು ನಾನೂರರ ಮೇಲಿತ್ತು.

"ಇವು ಮಳಿ ಬಂದ ದಿನ ಅಲ್ರಿ? ಮಳಿ ಬಂದ್ರ ಊರಾಗಿನ ಲೈನೆಲ್ಲ ಮಲಗ್ತಾವ. ನಿಮ್ಮದೊಂದ ಎದ್ದು ಕುಂದರತೈತಿ. ಇಂಥಾದ್ದು ನಾ ಎಲ್ಲೂ ನೋಡಿಲ್ರಿ."

ನಡುವಿನ ಶುಕ್ರವಾರವೂ ಲೊರ್ನಾ ಗಗಗಗಗ ಎಂದಳು.

ಕೊನೆಯ ಶುಕ್ರವಾರ ಬಂತು. ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಶುಕ್ರವಾರ ನನಗೆ ಡ್ಯೂಟಿ ಮಧ್ಯಾಹ್ನದ ನಂತರ. ಆರು ಗಂಟೆಗೆ ಎದ್ದವನು ಸ್ನಾನವನ್ನೂ ಮುಂದೂಡಿ, ಹತ್ತು ನಿಮಿಷಕ್ಕೊಮ್ಮೆ ಸ್ಪೀಡು ನೋಡುತ್ತಾ ಕುಳಿತೆ. ಯಮನೂರನನ್ನು ಗೋಗರೆದು ಬೆಳಗ್ಗೆಯೇ ಕರೆಸಿದ್ದೆ. ಪಾಠ ಹನ್ನೊಂದಕ್ಕೆ. ಸುಭಾಷಿಣಿ ಒಳಗೆ ಸೀರೆಯ ನೆರಿಗೆ ಸರಿಮಾಡುತ್ತಿದ್ದಳು.

ಹತ್ತು ಗಂಟೆಗೆ ನಾನೂರ ಅರುವತ್ತು. ಹತ್ತು ಹದಿನೈದಕ್ಕೆ ಮೂವತ್ತೊಂದು.

"ಬಂತು" ಎಂದೆ, ಕಳ್ಳನನ್ನು ಕಂಡವನ ಹಾಗೆ.

ಇಬ್ಬರೂ ವಯರನ್ನು ನೋಡುತ್ತಾ ಮನೆ ಸುತ್ತಿ ಹಿತ್ತಲಿಗೆ ಓಡಿದೆವು. ಬೆಳಗ್ಗಿನ ಹೊತ್ತು ಬಚ್ಚಲಿನ ಹಿಂದಿನ ಹಿತ್ತಲು ಅಮ್ಮನ ಮಡಿಯ ಸಾಮ್ರಾಜ್ಯ. ನಾವು ಯಾರೂ ಆ ಕಡೆ ಸುಳಿಯುವುದಿಲ್ಲ. ಅಲ್ಲಿ ಅಮ್ಮ ಕೈಯಲ್ಲಿ ಉದ್ದದ ಬಿದಿರಿನ ಕೋಲು ಹಿಡಿದು ನಿಂತಿದ್ದರು. ಮೇಲೆ, ನನ್ನ ಶರವೇಗದ ವಯರಿನ ಮೇಲೆ, ಹಿಂಡದೆ ಹಾಕಿದ ಒಂಬತ್ತು ಗಜದ ಸೀರೆ ತೊಟ್ಟಿಕ್ಕುತ್ತಿತ್ತು. ಆ ಭಾರಕ್ಕೆ ವಯರು ಜೋತು ಬಿದ್ದು, ಟೇಪು ಬಿಟ್ಟುಕೊಂಡ ಜೋಡಣೆ ಲೊರ್ನಾಳ ಹಾಗೆ ಬಾಯಿ ತೆರೆದು ನಿಂತಿತ್ತು. ಮಳೆಯ ದಿನಗಳಲ್ಲಿ ಸೀರೆ ಒಳಗೆ ಒಣಗುತ್ತಿತ್ತು, ಸ್ಪೀಡು ಹೊರಗೆ ಓಡುತ್ತಿತ್ತು!

ಯಮನೂರ ಕೈ ಚಾಚಿದ. "ಮುಟ್ಟಬೇಡ" ಎಂದರು ಅಮ್ಮ. ನಾನು ಕೈ ಚಾಚಿದೆ. "ನೀನಂತೂ ಮುಟ್ಟಲೇಬೇಡ. ಇನ್ನೂ ಸ್ನಾನ ಆಗಲಿಲ್ಲ."

"ಅಮ್ಮಾ, ನಿಮ್ಮ ಸೊಸೆಯ ಪಾಠ ಉಂಟು ಈಗ. ಇವತ್ತು ತಪ್ಪಿದರೆ ಮುಗಿಯಿತು."

ಅಮ್ಮ ಕೋಲಿನಿಂದಲೇ ಸೀರೆಯನ್ನು ಎತ್ತಿ ಇಳಿಸಿಕೊಂಡರು. ನಾನು ಸ್ಟೂಲು ಹತ್ತಿ ವಯರನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಯಮನೂರ ಜೋಡಣೆ ಒರೆಸಿ ಹೊಸ ಟೇಪು ಸುತ್ತಿದ.

ಹನ್ನೊಂದಕ್ಕೆ ಲೊರ್ನಾ ಸರಿಗಮವನ್ನು ಒಂದೂ ಕಡೆ ಮುಗ್ಗರಿಸದೆ ಹಾಡಿದಳು. "ಇವತ್ತು ಈಸಿ ಆಂಟಿ" ಎಂದಳು. ಸಿಸಿಲಿಯಾ ನಾಲ್ಕು ಮಕ್ಕಳ ಹೆಸರು ಹೇಳಿದಳು. ಸುಭಾಷಿಣಿ ಅವನ್ನು ನನ್ನ ಸ್ಪೀಡಿನ ನೋಟ್‌ಬುಕ್ಕಿನಲ್ಲೇ ಬರೆದುಕೊಂಡಳು.

ಪಾಠ ಮುಗಿದ ಮೇಲೆ ನಾನು ವಿಜಯಿಯಾಗಿ ಹಿತ್ತಲಿಗೆ ಹೋದೆ. ಯಮನೂರ ಚಹಾ ಕುಡಿಯುತ್ತಿದ್ದ, ಸುಭಾಷಿಣಿ ಹಿಂದೆಯೇ ಬಂದಳು. ಇಬ್ಬರಿಗೂ ಕೇಳುವ ಹಾಗೆ ವಿಚಾರಣೆ ನಡೆಸಿದೆ.

"ಅಲ್ಲ ಅಮ್ಮಾ, ಬಟ್ಟೆ ಒಣಗಿಸಲು ಹಗ್ಗ ಇಲ್ಲವಾ? ಅಷ್ಟು ದೊಡ್ಡ ಸ್ವರದಲ್ಲಿ ಹೇಳಿದ್ದೇನೆ, ಯಾರೂ ಮುಟ್ಟಬಾರದು ಎಂದು. ಆದರೂ ಆ ವಯರೇ ಯಾಕೆ?"

"ಹಗ್ಗದಲ್ಲಿ ನಿನ್ನ ಪ್ಯಾಂಟು ಇರುತ್ತದೆ" ಎಂದರು ಅಮ್ಮ. "ಯಾರೂ ಮುಟ್ಟುವುದಿಲ್ಲ ಎಂದು ನೀನು ಹೇಳಿದ್ದಕ್ಕೇ ಅದು ಮಡಿಗೆ ಆಗುತ್ತದೆ ಎಂದುಕೊಂಡೆ. ನಾನೂ ಮುಟ್ಟಲಿಲ್ಲ, ಕೋಲಿನಲ್ಲೇ ಹಾಕಿದ್ದು. ಇಷ್ಟು ದಿನದಲ್ಲಿ ಈ ಮನೆಯಲ್ಲಿ ಅದನ್ನು ಮುಟ್ಟಿದವನು ನೀನೊಬ್ಬನೇ. ಅದೂ ಸ್ನಾನ ಮಾಡದೆ."