ಮೆಣಸಿನ ಹೊಲದಲ್ಲಿ ಹನ್ನೆರಡು ಕುರ್ಚಿ

ನನ್ನ ತಮ್ಮನ ಮಗಳಿಗೆ ತಲೆ ಕೆಟ್ಟಿದೆ ಎಂದು ತಾವರಗೇರಾದಲ್ಲಿ ಮೊದಲು ಸುದ್ದಿ ಹಬ್ಬಿಸಿದವನು ನಾನೇ! ನೀವೇ ಹೇಳಿ, ಮೆಣಸಿನ ಹೊಲದಲ್ಲಿ ಯಾರಾದರೂ ಕುರ್ಚಿ ಹಾಕಿಸುತ್ತಾರೆಯೇ?

ಅವಳದು ಬೀಜದ ಹೊಲ. ಹತ್ತನೆಯದೋ ಪಿಯುಸಿಯೋ ಮುಗಿಸಿ ಮನೆಯಲ್ಲಿದ್ದ ಹನ್ನೊಂದು ಹುಡುಗ ಹುಡುಗಿಯರು, ಅವಳೂ ಸೇರಿ ಹನ್ನೆರಡು ಜನ, ಅಲ್ಲಿ ಕ್ರಾಸಿಂಗ್ ಮಾಡುತ್ತಾರೆ. ಅಂದರೆ ಮೊಗ್ಗನ್ನು ಚಿಮಟದಿಂದ ಬಿಡಿಸಿ, ಬೇರೆ ತಳಿಯ ಹೂವಿನ ಪುಡಿ ಮುಟ್ಟಿಸುವುದು. ಗಿಡ ಮೊಣಕಾಲೆತ್ತರ, ದಿನವಿಡೀ ಬಗ್ಗಿದ ಬೆನ್ನು ರಾತ್ರಿಗೂ ನೆಟ್ಟಗಾಗುವುದಿಲ್ಲ. ಹಾಗೆಂದು ಕುರ್ಚಿಯೇ? ಟ್ರ್ಯಾಕ್ಟರಿನಲ್ಲಿ ಅವು ಬಂದ ದಿನ ಊರವರು ಕೇಳಿದರು, "ಏನವ್ವಾ, ಹೊಲದಾಗ ಯಾರ್ದು ಲಗ್ನ?"

"ಮೆಣಸಿನ ಗಿಡದ್ದು. ಬರ್ರಿ, ಅಕ್ಕಿಕಾಳು ಹಾಕ್ರಿ!" ಎಂದಳು.

ಮೊದಲ ದಿನವೇ ಕುರ್ಚಿಗಳ ಕಾಲು ಎರೆಮಣ್ಣಿನಲ್ಲಿ ಹೂತು, ಕುಳಿತವರನ್ನು ಎಬ್ಬಿಸಲು ಇಬ್ಬಿಬ್ಬರು ಎಳೆಯಬೇಕಾಯಿತು. ನಾನು ನಕ್ಕಿದ್ದೇ ನಕ್ಕಿದ್ದು! ಮರುದಿನ ಅವಳು ಕಾಲು ಮೋಟು ಮಾಡಿ, ಅಡಿಗೆ ಹಲಗೆ ಬಿಗಿದಳು. ಸಾಲದ್ದಕ್ಕೆ ಎಲ್ಲರಿಗೂ ಕೆಲಸದ ಆರ್ಡರು, ಸರ್ಕಾರಿ ನೌಕರಿಗೆ ಬಂದಂತೆ! ಒಬ್ಬಳ ಅಪ್ಪ ಅದಕ್ಕೆ ಕುಂಕುಮ ಹಚ್ಚಿ ದೇವರ ಜಗಲಿಯಲ್ಲಿಟ್ಟ. ಜ್ವರದಲ್ಲೇ ಬಂದ ಹುಡುಗಿಯನ್ನು, "ರಜಾ ಅರ್ಜಿ ಎಲ್ಲಿ? ಬರದು ಕೊಟ್ಟು ಮಲಕೋ ಹೋಗು" ಎಂದು ಗದರಿದಳು. ಜ್ವರಕ್ಕೂ ಅರ್ಜಿ ಕೇಳುವ ಹೊಲವನ್ನು ನೀವೆಲ್ಲಾದರೂ ಕಂಡಿದ್ದೀರಾ?

ಬೀಜ ಕೊಳ್ಳುವ ಏಜೆಂಟ್ ಕುರ್ಚಿ ನೋಡಿ ಉರಿದುಬಿದ್ದ. "ಕುಂತು ಕೆಲಸ ಆಗ್ತೈತೇನ್ರಿ? ಇವನ್ನ ತಗೀರಿ, ಇಲ್ಲಾಂದ್ರ ಮುಂದಿನ ಸಲ ಬೀಜದ ಕೆಲಸ ಬ್ಯಾರೇದವ್ರಿಗೆ ಕೊಡ್ತೀವಿ." ಅಲ್ಲೇ ನಿಂತಿದ್ದ ನನ್ನತ್ತ ತಿರುಗಿ, "ಹಿರೇರು, ನೀವರ ಹೇಳ್ರಿ" ಎಂದ.

ಹನ್ನೆರಡು ಚಿಮಟಗಳೂ ನಿಂತವು. ಅಷ್ಟೂ ಜನರ ಕೆಲಸ ನನ್ನ ನಾಲಿಗೆಯ ಮೇಲೆ.

ಮುಚ್ಚಿಟ್ಟದ್ದನ್ನು ಈಗ ಹೇಳಿಬಿಡುತ್ತೇನೆ. ಹಿಂದೆ ನಾನು ಬೇರೊಬ್ಬರ ಬೀಜದ ಹೊಲದಲ್ಲಿ ಮೇಸ್ತ್ರಿಯಾಗಿದ್ದಾಗ, ಹತ್ತನೆಯದು ಮುಗಿಸಿದ್ದ ಇದೇ ತಮ್ಮನ ಮಗಳು ಕೆಲಸಕ್ಕೆ ಬಂದಿದ್ದಳು. ಒಂದು ಮಧ್ಯಾಹ್ನ ಸೊಂಟ ಹಿಡಿದುಕೊಂಡು ಬದುವಿನ ಮೇಲೆ ಕುಳಿತಳು. ಮಾಲೀಕರೆದುರು ನನ್ನ ನಿಷ್ಠೆ ತೋರಿಸಬೇಕಲ್ಲ! "ಕುಂದ್ರೋದಿದ್ರ ಮನ್ಯಾಗ ಕುಂದ್ರು. ನಾಳಿಂದ ಬರಬ್ಯಾಡ" ಎಂದೆ. ಚಿಮಟವನ್ನು ನನ್ನ ಕೈಗಿಟ್ಟು ಹೋದಳು. ಈವರೆಗೂ ಆ ಮಾತು ಎತ್ತಿಲ್ಲ.

ಏಜೆಂಟನಿಗೆ ಹೇಳಿದೆ: "ಒಂದಿನ ನಾನೂ ಹಿಂಗ ಅಂದಿದ್ನಿರಿ, ಇಕೀಗೇ. ಭಾಳ ತಪ್ಪು ಮಾಡೀನಿ. ಕುರ್ಚಿ ತಗ್ಯಾಂಗಿಲ್ಲ. ನೀವು ಹೊಲ ಬದಲಿ ಮಾಡ್ರಿ, ನಾವು ಏಜೆಂಟರ್ನ ಬದಲಿ ಮಾಡ್ತೀವಿ!"

ಅವನು ಗಾಡಿ ಹತ್ತಿ ಹೋದ. ಮುಂದಿನ ಸಲ ಅವನು ಬಾರದಿದ್ದರೆ ಕುಷ್ಟಗಿಯೆಲ್ಲ ತಿರುಗಿ ಬೇರೊಬ್ಬನನ್ನು ಹುಡುಕುವುದು ನನ್ನ ಪಾಲಿನ ಕೆಲಸ, ಹುಡುಕಿಯೇ ತೀರುತ್ತೇನೆ. ಅವನ ಗಾಡಿ ಮರೆಯಾಗುವವರೆಗೂ ನಾನು ನಿಂತೇ ಇದ್ದೆ.

ಅವಳು ಎದ್ದು, ತನ್ನ ಕುರ್ಚಿಯ ಮಣ್ಣನ್ನು ಸೆರಗಿನಿಂದ ಒರೆಸಿ, ನನ್ನ ಹಿಂದೆ ತಂದಿಟ್ಟಳು.

"ಕುಂದ್ರು, ದೊಡ್ಡಪ್ಪಾ."