ಬಿಸಿಲಿಗೆ ಹಿಡಿದು ನೋಡುವ ಮಾವ

ನಮ್ಮ ಸೋದರಮಾವ ಹೆಣ್ಣು ನೋಡಲು ಹೋದಾಗ ಹೆಣ್ಣನ್ನೇ ಬಿಸಿಲಿಗೆ ಕರೆದ ಮಹಾನುಭಾವ! ಸುಳ್ಳಲ್ಲ. ದೇವದುರ್ಗದ ಆ ಮನೆಯ ಪಡಸಾಲೆಯಲ್ಲಿ ಎಲ್ಲರೂ ಮಂಡಕ್ಕಿ ಒಗ್ಗರಣೆ ತಿನ್ನುತ್ತಿದ್ದಾಗ ಎದ್ದು ನಿಂತು, "ಒಂದೀಟು ಅಂಗಳಕ್ಕ ಬರ್ರಿ. ಈ ಟ್ಯೂಬ್‌ಲೈಟಿನಾಗ ಸೀರಿ ಬಣ್ಣ ತಿಳಿವಲ್ದು" ಎಂದರಂತೆ. ಹುಡುಗಿಯ ಅಪ್ಪನ ಕೈಯಲ್ಲಿದ್ದ ಮಿರ್ಚಿ ಕೈಯಲ್ಲೇ ಉಳಿಯಿತು. ಹುಡುಗಿ ಮಾತ್ರ ಸೀದಾ ಅಂಗಳಕ್ಕೆ ಬಂದಳು. ಮಾವ ನೋಡಿ, "ಸೀರಿ ನವಿಲ ಬಣ್ಣ ಅದ. ಕುಪ್ಪಸ ಒಂದು ಎಳಿ ಹಸರಾತು" ಎಂದು ತೀರ್ಪು ಕೊಟ್ಟರು. ಆಕೆ ಬಿಟ್ಟಾಳೆಯೇ? "ನೀವೂ ಬಿಸಿಲಿಗಿ ಬರ್ರಿ. ನಾನೂ ನೋಡಬೇಕಲ್ಲ!" ಮದುವೆ ಅಲ್ಲೇ ಗಟ್ಟಿಯಾಯಿತು. ಆಕೆಯೇ ನಮ್ಮ ಅತ್ತೆ.

ಮಾವನದು ಮಾನ್ವಿ ಬಜಾರಿನಲ್ಲಿ ಮ್ಯಾಚಿಂಗ್ ಸೆಂಟರ್. ಸೀರೆಗೆ ಹೊಂದುವ ಕುಪ್ಪಸದ ಬಟ್ಟೆ, ಅಸ್ತರು, ಫಾಲ್ಸು ಮಾರುವ ಪುಟ್ಟ ಅಂಗಡಿ. ಹೆಸರಿಗಷ್ಟೇ ಅಂಗಡಿ, ವ್ಯಾಪಾರವೆಲ್ಲ ಎದುರಿನ ರಸ್ತೆಯಲ್ಲಿ! ಗಿರಾಕಿ ಯಾರೇ ಇರಲಿ, ಸೀರೆ ಸಮೇತ ಬಿಸಿಲಿಗೆ ಬರಲೇಬೇಕು. ನಮ್ಮ ರಾಯಚೂರು ಸೀಮೆಯ ಬಿಸಿಲೆಂದರೆ ಕೇಳಬೇಕೆ! ನೆತ್ತಿ ಸುಡುತ್ತಿದ್ದರೂ ಮಾವನ ಉಪನ್ಯಾಸ ನಿಲ್ಲುತ್ತಿರಲಿಲ್ಲ.

"ಸೀರಿಗಿ ಸ್ವಂತ ಬೆಳಕು ಎಲ್ಲಿ ಅದರೀ? ಸೂರ್ಯಪ್ಪನ ಹತ್ರ ಹೊಂಟ ಬೆಳಕು ಎಂಟು ನಿಮಿಷ ದಾರಿ ಸವಿಸಿ ಬರ್ತದ. ಅದರಾಗ ಎಲ್ಲಾ ಬಣ್ಣನೂ ಇರ್ತಾವ. ಈ ಸೀರಿ ಬ್ಯಾರೇವೆಲ್ಲಾ ನುಂಗಿ, ನೀಲಿ ಒಂದನ್ನ ಹೊಳ್ಳಿ ಕಳಸ್ತದ. ಅದು ಎಲ್ಲಿಗಿ ಬಂತು? ಮಾನ್ವಿ ಬಜಾರಕ್ಕ, ನಿಮ್ಮ ಕಣ್ಣಿಗಿ!"

ಒಂದು ತುಂಡು ಬಟ್ಟೆಗೆಂದು ಬಂದವಳು ತಲೆ ಮೇಲಿನ ಸೆರಗು ಸರಿಪಡಿಸಿಕೊಂಡು, ತನ್ನದೇ ಸೀರೆಯನ್ನು ಹೊಸದಾಗಿ ನೋಡುತ್ತ ನಿಂತುಬಿಡುತ್ತಿದ್ದಳು. ನಾನು ಆ ಉಪನ್ಯಾಸವನ್ನು ನೂರು ಸಲ ಕೇಳಿದ್ದೇನೆ. ನೂರು ಸಲವೂ ಮೈ ಜುಮ್ಮೆಂದಿದೆ.

ಹೀಗಿರುವಾಗ ಲೋಕವೇ ಮಾಸತೊಡಗಿತು! ಅಂಗಿ ಹಳದಿಯಾಯಿತೆಂದು ಮಾವ ಅಗಸನನ್ನು ಬೈದರು. ಗೋಡೆ ಹಳದಿಯಾಯಿತೆಂದು ಸುಣ್ಣದವನನ್ನು ಬೈದರು. ತಾಟಿನ ಅನ್ನ ನೋಡಿ, "ಇದೆಂಥಾ ಅಕ್ಕಿ ತಂದೀರಿ? ಮಾಸಿದ ಧೋತರ ಇದ್ದಂಗ ಅದ" ಎಂದು ಬೈದರು. ಜಗತ್ತಿನಲ್ಲಿ ಮಾಸದೆ ಉಳಿದದ್ದು ತಮ್ಮ ಕಣ್ಣೊಂದೇ ಎಂದು ಅವರ ನಂಬಿಕೆ!

ಒಮ್ಮೆ ಹಳೆಯ ಗಿರಾಕಿ ಬೇಗಂ ಒಬ್ಬರು ತುಂಡು ಹಿಡಿದು ವಾಪಸ್ ಬಂದರು. "ಕ್ಯಾ ಚಾಚಾ! ನೀಲಿ ಕೇಳಿದ್ರ ಹಸರ ಕೊಟ್ಟೀರಲ್ಲ?" ಮಾವ ಬಿಸಿಲಿಗೆ ಹಿಡಿದು, "ನೀಲಿನೇ ಅದಲ್ರೀ ಇದು!" ಎಂದರು. ಬೇಗಂ ಅಂಗಡಿಯ ಸ್ಟೂಲಿನ ಮೇಲೆ ಕೂತು ಫಾಲ್ಸು ಹೊಲಿಯುತ್ತಿದ್ದ ಅತ್ತೆಯ ಮುಖ ನೋಡಿದರು. ಅತ್ತೆ ನೆಲ ನೋಡಿದರು. ಮಾವನ ಹೆಸರೆಲ್ಲ ನಿಂತದ್ದೇ ಆ ಕಣ್ಣಿನ ಮೇಲೆ. ಅದು ಹೋಯಿತೆಂದರೆ ಮಾವನಲ್ಲಿ ಮಾವ ಉಳಿಯುತ್ತಾರೆಯೇ?

ಮುಂದೊಂದು ದಿನ ನಾನು ಅಂಗಡಿಯಲ್ಲಿ ಕೂತಿದ್ದಾಗ ಕಣ್ಣಾರೆ ಕಂಡೆ. ಮಾವ ಆರಿಸಿ ಕೊಟ್ಟ ತುಂಡನ್ನು ಅತ್ತೆ ತಮ್ಮ ಸ್ಟೂಲಿನ ಕೆಳಗಿನ ಚೀಲಕ್ಕೆ ಜಾರಿಸಿ, ಸರಿಯಾದದ್ದನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಗಿರಾಕಿ ನಸುನಕ್ಕು ಹೋದಳು. ಅಂದರೆ ಬಜಾರಿನ ಹೆಂಗಸರಿಗೆಲ್ಲ ಗೊತ್ತು! ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಪಿಸುಗುಟ್ಟಿದರು: "ಬಾಯಿ ಬಿಟ್ಟೀ ಅಂದ್ರ ನೋಡು! ಗೊತ್ತಾದ್ರ ಅವರು ಮತ್ತ ಅಂಗಡಿ ಮೆಟ್ಟಲಾ ಹತ್ತಂಗಿಲ್ಲ."

ಕಣ್ಣು ತೋರಿಸಿ ಎಂದರೆ ಮಾವ ಕೇಳುವವರೇ? ಕೊನೆಗೆ ಅತ್ತೆ, "ನನ್ನ ಕಣ್ಣು ತೋರಸಬೇಕು, ಜೋಡಿ ಬರ್ರಿ" ಎಂದು ರಾಯಚೂರಿಗೆ ಹೊರಡಿಸಿದರು. ನಾನೂ ಹೋಗಿದ್ದೆ. ಅತ್ತೆಯ ಕಣ್ಸನ್ನೆ ಅರಿತ ಡಾಕ್ಟರು ಆಕೆಯನ್ನು ಬಿಟ್ಟು ಮಾವನ ಕಣ್ಣಿಗೆ ಬ್ಯಾಟರಿ ಹಿಡಿದರು. "ಯಜಮಾನ್ರ, ಪೊರಿ ಬಂದದ. ಕಣ್ಣೊಳಗಿನ ಮಸೂರ ಹಳದಿ ಆಗೇದ. ಹೊರಗಿನ ಬೆಳಕೆಲ್ಲಾ ಅದನ್ನ ದಾಟೇ ಒಳಗ ಹೋಗಬೇಕಲ್ರಿ?"

ಮಾವ ಎರಡೂ ಕಣ್ಣು ಉಜ್ಜಿಕೊಂಡರು. "ಟ್ಯೂಬ್‌ಲೈಟ್ ಸುಳ್ಳ ಹೇಳ್ತದ ಅಂತಿದ್ದೆ. ಸುಳ್ಳ ಹೇಳಾವ ಮನಿಯಾಗೇ ಕುಂತಾನ!"

ಆಪರೇಷನ್ ಆಗಿ ಮರುದಿನ ಪಟ್ಟಿ ಬಿಚ್ಚಿದಾಗ ಅವರಿಗೆ ಮೊದಲು ಕಂಡದ್ದು ಆಸ್ಪತ್ರೆಯ ಅಂಗಳದಲ್ಲಿದ್ದ ಪ್ಲಾಸ್ಟಿಕ್ ಬಕೆಟ್. ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು, "ಯಪ್ಪಾ, ಎಂಥಾ ನೀಲಿ ಅದ ಇದು!" ಎಂದರು. ಆಮೇಲೆ ತಲೆ ಎತ್ತಿ ಆಕಾಶ ನೋಡಿದರು. ನಾನೂ ನೋಡಿದೆ. ದಿನಾ ತಲೆಯ ಮೇಲೇ ಇರುವ ಆಕಾಶವನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ ಎನಿಸಿತು.

ವಾರ ಕಳೆದು ಅಂಗಡಿ ತೆರೆದರು. ಕತ್ತರಿ ಹುಡುಕಲು ಬಗ್ಗಿದ ಮಾವನ ಕೈಗೆ ಸ್ಟೂಲಿನ ಕೆಳಗಿನ ಚೀಲ ಸಿಕ್ಕಿತು. ಡಾಕ್ಟರು ಕೊಟ್ಟ ಕರಿ ಕನ್ನಡಕವನ್ನು ಹಣೆಗೇರಿಸಿ, ಒಂದೊಂದೇ ತುಂಡನ್ನು ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದರು. ನೀಲಿಯೆಂದು ಆರಿಸಿದ್ದ ಹಸಿರು, ಕಪ್ಪೆಂದು ಆರಿಸಿದ್ದ ಗಾಢ ನೀಲಿ.

"ಇವೆಲ್ಲಾ ನಾ ಕೊಟ್ಟವೇನು?"

ಅತ್ತೆ ಸೂಜಿಗೆ ದಾರ ಪೋಣಿಸುತ್ತಲೇ ಇದ್ದರು. ಮಾವ ಸಿಡಿದೇಳುತ್ತಾರೆಂದು ನನಗೆ ಭಯ. ಅವರು ಮೆಲ್ಲಗೆ, "ಒಂದೀಟು ಹೊರಗ ಬಾ" ಎಂದರು.

"ನೀವೂ ಬರ್ರಿ ಬಿಸಿಲಿಗಿ" ಎಂದು ಅತ್ತೆ ಎದ್ದರು.

ಮಾವ ಕರಿ ಕನ್ನಡಕ ಪೂರ್ತಿ ತೆಗೆದು ಅತ್ತೆಯ ಮುಖವನ್ನು ಬಹಳ ಹೊತ್ತು ನೋಡಿದರು. "ನಿನ್ನ ಕೂದ್ಲಾ ಇಷ್ಟು ಬೆಳ್ಳಗ ಯಾವಾಗಾದ್ವು?"

"ನೀವು ಅಕ್ಕಿ ಬೈಯಾಕತ್ತಿದ್ರಲ್ಲ, ಆವಾಗ."

ಮಾವನ ಹೊಸ ಕಣ್ಣು ತುಂಬಿ ಹರಿಯಿತು. "ಕಣ್ಣಿಗಿ ನೀರು ತಾಕಸಬ್ಯಾಡ್ರಿ ಅಂದಾರ ಡಾಕ್ಟ್ರು" ಎಂದು ಗದರುತ್ತ ಅತ್ತೆ ಸೆರಗಿನ ತುದಿಯಿಂದ ಅವರ ಕೆನ್ನೆ ಒರೆಸಿದರು. ಪಕ್ಕದಲ್ಲೇ ಗಿರಾಕಿಯೊಬ್ಬಳು ಸೀರೆ ಹಿಡಿದು ನಿಂತಿದ್ದಳು. ಮಾವನಿಗೆ ಕಾಣಲೇ ಇಲ್ಲ.