ಶ್ರುತಿಯ ಪುಟಕ್ಕೆ ಬಂದ ಸಂಬಂಧ

ಬ್ಲಾಗಿನ ವಿಳಾಸಗಳು ಚೊಕ್ಕವಾಗಿರಬೇಕು ಎಂಬುದು ನನ್ನ ಸಿದ್ಧಾಂತ. ನೆಂಟರಿಷ್ಟರ ವಧೂವರರ ವಿವರ ಹಾಕಲು ಪುತ್ತೂರಿನಲ್ಲಿ ಕುಳಿತು ನಾನೊಂದು ಬ್ಲಾಗ್ ನಡೆಸುತ್ತೇನೆ. ಅದರ ಒಂದೊಂದು ಲಿಂಕೂ ಹನುಮಂತನ ಬಾಲ! ಹಾಗಾಗಿ ಎಲ್ಲವನ್ನೂ ಕಿತ್ತು ಒಂದು, ಎರಡು, ಮೂರು ಎಂದು ನಂಬರು ಕೊಟ್ಟು, ವಾಟ್ಸಾಪಿನಲ್ಲಿ ಎಲ್ಲರಿಗೂ ಕಳಿಸಿದೆ.

“ಇನ್ನು ಅದನ್ನು ಮುಟ್ಟಬೇಡಿ ಮಾರಾಯ್ರೆ,” ಎಂದಳು ಹೆಂಡತಿ ಜಯಂತಿ.

ಮುಟ್ಟಿದೆ. ನಾಲ್ಕನೆಯದು ಯಾರೂ ಓದದ ನನ್ನದೇ ಕವನ. ಅದನ್ನು ಅಳಿಸಿದೆ. ನಡುವೆ ಖಾಲಿ ಬಿಡುವುದು ಅಂದವಲ್ಲವೆಂದು ಮುಂದಿನವುಗಳನ್ನೆಲ್ಲ ಒಂದೊಂದು ಸ್ಥಾನ ಮೇಲೆ ಸರಿಸಿದೆ. ಎಂಥ ಅಚ್ಚುಕಟ್ಟು!

ಮರುದಿನ ಆಲಂಕಾರಿನಿಂದ ಒಬ್ಬ ಹಿರಿಯರ ಫೋನ್. ಬಾವಿಯೊಳಗಿಂದ ಬಂದಂಥ ಮೆಲುದನಿ.

“ಐದನೇ ನಂಬ್ರದ ಹುಡುಗಿ ನಮಗೆ ಒಪ್ಪಿಗೆ ಉಂಟು. ಹೆಚ್ಚು ಮಾತಿಲ್ಲ, ಶಾಂತ ಸ್ವಭಾವ ಅಂತ ಬರೆದಿದ್ದೀರಲ್ಲ. ನಮ್ಮ ಹುಡುಗನೂ ಹಾಗೇ.”

ಈಗ ಐದನೆಯವಳು ನನ್ನ ತಂಗಿಯ ಮಗಳು ಶ್ರುತಿ! ಉಬ್ಬಿಹೋಗಿ ಕೇಳಿದೆ, “ಹುಡುಗ ಎಂತ ಮಾಡುದು?”

“ಎಂತ ಮಾಡುದು... ತೀರಿಹೋಗಿ ತುಂಬ ವರ್ಷ ಆಯ್ತಲ್ಲ. ನಿಮ್ಮ ಹುಡುಗಿ ಹೋದದ್ದು ಹೇಗೆ?”

ಆಗ ನನಗೆ ಹೊಳೆಯಿತು. ಮದುವೆಯಾಗದೆ ತೀರಿಕೊಂಡವರಿಗೆ, ಇನ್ನೊಂದು ಮನೆಯಲ್ಲಿ ಹಾಗೆಯೇ ತೀರಿಕೊಂಡವರನ್ನು ಹುಡುಕಿ ಮದುವೆ ಮಾಡಿಸುವುದು ನಮ್ಮ ಕಡೆ ಉಂಟು. ನಾನು ವಾಟ್ಸಾಪಿನಲ್ಲಿ ಕಳಿಸಿದ್ದ ಪಟ್ಟಿಯಂತೆ ಐದನೆಯದು ಅಂಥ ಒಬ್ಬ ಹುಡುಗಿಯ ವಿವರ. ಈಗ ಆ ಜಾಗದಲ್ಲಿ ಶ್ರುತಿಯ ಫೋಟೋ ನಗುತ್ತಿತ್ತು. ಶ್ರುತಿಯೋ, ನನ್ನೆದುರೇ ಕುಳಿತು ನೀರುದೋಸೆ ತಿನ್ನುತ್ತಿದ್ದಳು.

“ಅಯ್ಯೋ, ಅವಳು ಬದುಕಿದ್ದಾಳೆ!” ಎಂದು ಕಿರುಚಿದೆ.

ಆ ಕಡೆಯಿಂದ ಅದೇ ಮೆಲುದನಿ: “ನಿನ್ನೆಯಿಂದ ಹುಡುಗನ ಹೆಸರಲ್ಲಿ ಬಡಿಸುವಾಗ ಪಕ್ಕದಲ್ಲಿ ಹುಡುಗಿಗೂ ಒಂದು ಎಲೆ ಇಡ್ತಾ ಇದ್ದೇವೆ. ಇರಲಿ, ಅವಸರ ಇಲ್ಲ. ನಾವು ಕಾಯ್ತೇವೆ.”

ಸ್ಪೀಕರ್ ಹಾಕಿದ್ದೆ. ಶ್ರುತಿ ದೋಸೆಯ ತಟ್ಟೆಯನ್ನು ಮೆಲ್ಲಗೆ ದೂರ ತಳ್ಳಿದಳು.

ಆ ಹಿರಿಯರು ಖುಷಿಯಲ್ಲಿ ಮೊದಲೇ ಊರೆಲ್ಲ ಹೇಳಿಯಾಗಿತ್ತು. ಭಾನುವಾರ ಶ್ರುತಿಯನ್ನು ನೋಡಲು ಬರಬೇಕಿದ್ದ ಪಂಜದ ಹುಡುಗನ ಅಪ್ಪ ಸಂಜೆ ಫೋನ್ ಮಾಡಿದರು. ಈ ಹುಡುಗ ಜೀವಂತ!

“ವಿಷಯ ಗೊತ್ತಾಯ್ತು. ಪಾಪ. ಹಾಗಾದ್ರೆ ಭಾನುವಾರ ಹುಡುಗಿ ನೋಡ್ಲಿಕ್ಕೆ ಬರುದಾ, ಉತ್ತರಕ್ರಿಯೆಗೆ ಬರುದಾ?”

ಕೈಕಾಲು ಹಿಡಿದು ಒಪ್ಪಿಸಿದೆ. ಪುಟಗಳನ್ನೆಲ್ಲ ಮೊದಲಿನ ನಂಬರಿಗೇ ಕೂರಿಸಿದೆ. ಪಂಜದವರು ಬಂದರು. ಹುಡುಗನ ತಾಯಿ ಶ್ರುತಿಯ ಮುಖಕ್ಕಿಂತ ಮೊದಲು ಪಾದ ನೋಡಿದರು, ಹಿಂದುಮುಂದಾಗಿದೆಯೇ ಎಂದು! ಅಂತೂ ಸಂಬಂಧ ಕುದುರಿತು.

ಬ್ಲಾಗ್ ಈಗ ಜಯಂತಿಯ ಕೈಯಲ್ಲಿದೆ. ನನಗೂ ಒಂದು ವಿಭಾಗ ವಹಿಸಿಕೊಟ್ಟಿದ್ದಾಳೆ.

“ನೀವು ತೀರಿಹೋದವರ ಸಂಬಂಧ ಮಾತ್ರ ನೋಡಿಕೊಳ್ಳಿ,” ಎಂದಳು. “ನಿಮ್ಮಿಂದ ಅವರಿಗೆ ಇನ್ನು ಹೆಚ್ಚು ಎಂತ ಆಗ್ಲಿಕ್ಕುಂಟು?”